ಮದುವೆ ಮನೆಯ ಕಸ: ಒಂದು ಪ್ರಕರಣ ಅಧ್ಯಯನ

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ನಡೆದ ಮದುವೆಯ ವಿವರ ಇದು. ಬರೆಯಲು ಹುಡುಗಿಯ ಮನೆಯವರು ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಅಂದಿದ್ದಾರೆ. ಹಾಗಾಗಿ ಇಲ್ಲಿ ಹುಡುಗಿಯ ತಂದೆ ಬರೀ ಮೇಷ್ಟ್ರು. ಛತ್ರಕ್ಕೆ, ಅಡುಗೆ ಕಂಟ್ರಾಕ್ಟರ್‌ಗೆ, ಬೀಗರಿಗೆ ಯಾರಿಗೂ ಹೆಸರಿಲ್ಲ. ಗುರುತು ಸಿಗುವಂಥ ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ. ಕಸದ ವಿಷಯದಲ್ಲಿ ಕೆಲಸ ಮಾಡುವ ನಮ್ಮದೊಂದು ನಾಲ್ಕೈದು ಜನರ ಗುಂಪಿದೆ. ಮೇಷ್ಟ್ರು ಕರೆದಿದ್ದಕ್ಕೆ ಮದುವೆಯ ಎರಡೂ ದಿನ ನಾವು ಅಲ್ಲೇ ಇದ್ದೆವು.

ಹಿನ್ನೆಲೆ

ನಾಲ್ಕು ವರ್ಷದ ಹಿಂದೆ ಇದೇ ಛತ್ರದಲ್ಲಿ ಮೇಷ್ಟ್ರ ದೊಡ್ಡ ಮಗನ ಮದುವೆ ಆಗಿತ್ತು. ಸುಮಾರು 900 ಜನ ಸೇರಿದ್ದರು. ಮಾರನೇ ದಿನ ಛತ್ರದ ಹಿಂಭಾಗದಿಂದ ಒಂದು ಟ್ರ್ಯಾಕ್ಟರ್ ತುಂಬಾ ಕಸ ಹೋಯಿತು. ಬಾಳೆಲೆ, ಅನ್ನ, ಸಾರು, ನೀರಿನ ಬಾಟಲಿ, ಪೇಪರ್ ಕಪ್, ಐಸ್‌ಕ್ರೀಂ ಕಪ್, ಟೇಬಲ್ ಮೇಲೆ ಹಾಸಿದ ಹಾಳೆ, ಹೂವು, ಎಲ್ಲಾ ಒಟ್ಟಿಗೆ. ಊರಾಚೆ ಕಸ ಸುರಿಯುವ ಜಾಗದಲ್ಲಿ ಅದನ್ನು ಸುರಿದರು. ಅಲ್ಲಿ ಬೇಸಿಗೆಯಲ್ಲಿ ಯಾವಾಗಲೂ ಒಂದು ಕಡೆ ಹೊಗೆ ಏಳುತ್ತಲೇ ಇರುತ್ತದೆ.

ಈ ಮನೆಯವರು ಕಸದ ಬಗ್ಗೆ ಗೊತ್ತಿಲ್ಲದವರಲ್ಲ. ಹಿತ್ತಲಲ್ಲಿ ಗೊಬ್ಬರದ ಗುಂಡಿ ಇದೆ. ಅಂಗಡಿಗೆ ಹೋಗುವಾಗ ಕೈಚೀಲ ತಗೊಂಡೇ ಹೋಗುತ್ತಾರೆ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಅಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಟ್ಟು ಅಭ್ಯಾಸ. ಮನೆಯಲ್ಲಿ ಇಷ್ಟೆಲ್ಲಾ ಮಾಡುವವರೂ ಛತ್ರಕ್ಕೆ ಹೋದ ತಕ್ಷಣ ಎಲ್ಲವನ್ನೂ ಕಂಟ್ರಾಕ್ಟರ್ ಕೈಗೆ ಬಿಟ್ಟುಬಿಡುತ್ತಾರೆ. ಮದುವೆ, ಗೃಹಪ್ರವೇಶ, ನಾಮಕರಣ, ತಿಥಿ ಅಂತ ನಮ್ಮಲ್ಲಿ ಕಾರ್ಯಗಳಿಗೇನು ಕಮ್ಮಿ ಇಲ್ಲ. ವರ್ಷವಿಡೀ ಮನೆಯಲ್ಲಿ ಉಳಿಸಿದ್ದು ಇಂಥ ಒಂದೇ ಕಾರ್ಯದಲ್ಲಿ ಹೋಗಿಬಿಡುತ್ತದೆ. ಅದಕ್ಕೇ ಈ ಪ್ರಕರಣ ಬರೆಯಬೇಕು ಅನ್ನಿಸಿತು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಿಂದೊಮ್ಮೆ ನಗರದ 75 ಕಲ್ಯಾಣ ಮಂಟಪಗಳಲ್ಲಿ ಸಮೀಕ್ಷೆ ಮಾಡಿದ್ದರು. ನಗರದ ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಹಾಳಾಗುತ್ತದೆ ಅಂತ ಅವರು ಅಂದಾಜು ಮಾಡಿದ್ದರು. ಆ ಅನ್ನ ಪ್ಲಾಸ್ಟಿಕ್ ಜೊತೆ ಬೆರೆತು ಕಸದ ರಾಶಿಯ ಅಡಿಗೆ ಹೋದರೆ ಗಾಳಿ ಆಡದೆ ಕೊಳೆಯುತ್ತದೆ. ಆಗ ಮೀಥೇನ್ ಅನಿಲ ಹೊರಡುತ್ತದೆ. ಭೂಮಿ ಬಿಸಿಯಾಗಲು ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಕಾರಣವಾಗುವ ಅನಿಲ ಅದು. ಇಂಥ ರಾಶಿಗಳಿಗೆ ಬೆಂಕಿ ಹತ್ತಿಕೊಳ್ಳುವುದಕ್ಕೂ ಅದೇ ಒಂದು ಕಾರಣ.

ಪಟ್ಟಿಯ ಕೊನೆಯ ಅರ್ಧ ಪುಟ

ಮದುವೆಗೆ ಒಂದೂವರೆ ತಿಂಗಳು ಇದ್ದಾಗ ಮೇಷ್ಟ್ರು ನಮ್ಮನ್ನು ಕರೆದರು. "ಎರಡು ಬಣ್ಣದ ಡಬ್ಬಿ ಎಲ್ಲಿ ಸಿಗುತ್ತೆ ಹೇಳಿ, ಬೋರ್ಡ್ ಬರೆಸಿ ಇಡಿಸ್ತೀನಿ" ಅಂದರು. ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ. ನಾವು ಡಬ್ಬಿಯ ಮಾತು ಆಮೇಲೆ ಆಡೋಣ, ಮೊದಲು ಕಂಟ್ರಾಕ್ಟರ್ ಕೊಟ್ಟ ಪಟ್ಟಿ ತೋರಿಸಿ ಅಂದೆವು.

ಎರಡೂವರೆ ಪುಟದ ಪಟ್ಟಿ. ಮೊದಲ ಎರಡು ಪುಟ ದಿನಸಿ, ತರಕಾರಿ, ಹಾಲು, ಮೊಸರು. ಕೊನೆಯ ಅರ್ಧ ಪುಟದಲ್ಲಿ ಹೀಗಿತ್ತು: 200 ಎಂಎಲ್ ನೀರಿನ ಬಾಟಲಿ, ಪೇಪರ್ ಕಪ್, ಟೇಬಲ್ ರೋಲ್, ಟಿಶ್ಯೂ, ಐಸ್‌ಕ್ರೀಂ ಕಪ್ಪು, ಚಮಚ, ಚಾಟ್ ಪ್ಲೇಟು, ಕವರು. ಹಿಂದಿನ ಮದುವೆಯಲ್ಲಿ ಟ್ರ್ಯಾಕ್ಟರ್ ತುಂಬಿದ್ದು ಈ ಅರ್ಧ ಪುಟದಿಂದಲೇ. ಬಾಳೆಲೆ, ಅನ್ನ ಮಣ್ಣಿಗೆ ಸೇರುವ ವಸ್ತು. ಈ ಅರ್ಧ ಪುಟದ ಸಾಮಾನು ಅದರೊಳಗೆ ಬೆರೆತಿದ್ದರಿಂದ ಅಷ್ಟೂ ಕಸವಾಯಿತು.

ನಿಯಮಗಳೇನೋ ಇವೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಊಟದ ಟೇಬಲ್ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ, ಇವನ್ನೆಲ್ಲ ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. 2022ರ ಜುಲೈ 1ರಿಂದ ದೇಶಕ್ಕೇ ಬಂದ ನಿಷೇಧದಲ್ಲಿ ಅಲಂಕಾರದ ಥರ್ಮೋಕೋಲ್ ಇದೆ. ಸ್ವೀಟ್ ಬಾಕ್ಸ್‌ಗೆ, ಲಗ್ನಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ಇದೆ. ಪೇಪರ್ ಕಪ್ಪನ್ನು ಜನ ಕಾಗದ ಅಂದುಕೊಂಡೇ ಬಳಸುತ್ತಾರೆ. ಅದರ ಒಳಮೈಗೆ ತೆಳ್ಳಗಿನ ಪ್ಲಾಸ್ಟಿಕ್ ಪದರ ಇರುತ್ತದೆ, ಇಲ್ಲದಿದ್ದರೆ ಕಾಫಿ ನೆನೆದು ಸೋರುತ್ತಿತ್ತು. ಹಾಗಾಗಿ ಅದು ಗೊಬ್ಬರವೂ ಆಗಲ್ಲ, ಗುಜರಿಯವರೂ ತಗೊಳ್ಳಲ್ಲ.

ಕಂಟ್ರಾಕ್ಟರ್ ಜೊತೆ ಕೂತು ಒಂದೊಂದೇ ಸಾಲು ಮಾತಾಡಿದೆವು. ಊಟಕ್ಕೆ ಬಾಳೆಲೆ ಹೇಗೂ ಇತ್ತು. ಚಾಟ್‌ಗೆ ಅಡಿಕೆ ಹಾಳೆ ತಟ್ಟೆ ಅಂತಾಯಿತು. ಟೇಬಲ್ ರೋಲ್ ತೆಗೆದು, ಪ್ರತಿ ಪಂಕ್ತಿಗೆ ಒದ್ದೆ ಬಟ್ಟೆಯಲ್ಲಿ ಒರೆಸುವುದು ಅಂತಾಯಿತು. ಇಷ್ಟಕ್ಕೆ ಅವರು ಸಲೀಸಾಗಿ ಒಪ್ಪಿದರು. ನೀರಿನ ಬಾಟಲಿಯ ಹತ್ತಿರ ಮಾತು ನಿಂತುಬಿಟ್ಟಿತು.

"ಸ್ಟೀಲ್ ಲೋಟ ನನ್ನತ್ರನೇ ಇದಾವೆ ಮೇಷ್ಟ್ರೇ, ಎಷ್ಟು ಬೇಕಾದ್ರೂ ಕೊಡ್ತೀನಿ. ತೊಳೆಯೋರು ಯಾರು ಹೇಳಿ? ನಮ್ ಹುಡುಗ್ರು ಬಡಿಸ್ತಾರೆ, ಲೋಟ ತೊಳೆಯಲ್ಲ."

ಬಾಟಲಿ ಎಲ್ಲೆಲ್ಲೂ ಬಂದು ಕೂತಿದ್ದು ಈ ಕಾರಣಕ್ಕೇ. ತೊಳೆಯುವ ಕೈಗಳು ಇಲ್ಲವಾದವು, ಆ ಜಾಗಕ್ಕೆ ಬಿಸಾಡುವ ಸಾಮಾನು ಬಂತು. ಇಬ್ಬರನ್ನು ಕೂಲಿಗೆ ಕರೆಸುತ್ತೇನೆ ಅಂತ ಮೇಷ್ಟ್ರು ಒಪ್ಪಿಕೊಂಡರು.

ಇನ್ನು ಬೀಗರು. ಬಾಟಲಿ ಇಡದಿದ್ದರೆ ಮರ್ಯಾದೆ ಕಮ್ಮಿ ಅಂದುಕೊಂಡಾರು ಅಂತ ಮೇಷ್ಟ್ರ ಹೆಂಡತಿಗೆ ನಿಜವಾದ ಅಳುಕಿತ್ತು. ಹೆಣ್ಣಿನ ಕಡೆಯವರಿಗೆ ಈ ಭಯ ಎಷ್ಟಿರುತ್ತದೆ ಅಂತ ಗೊತ್ತಲ್ವಾ. ಹುಡುಗಿಯೇ ಹುಡುಗನ ಹತ್ತಿರ ಮಾತಾಡಿದಳು, ಅವನು ತನ್ನ ತಂದೆಗೆ ಹೇಳಿದ. ಒಂದು ವಾರ ಉತ್ತರ ಬರಲಿಲ್ಲ. ಆಮೇಲೆ ಹುಡುಗನ ತಂದೆ ತಾವೇ ಫೋನ್ ಮಾಡಿದರು. "ನೀರು ಚೆನ್ನಾಗಿದ್ರೆ ಸಾಕು ಬೀಗ್ರೇ, ಲೋಟದಲ್ಲೇ ಕೊಡಿ. ನಮ್ಮ ಅಮ್ಮಂಗೆ ಒಂದು ಬಿಸಿನೀರಿನ ಫ್ಲಾಸ್ಕ್ ಇಟ್ಟಿರಿ" ಅಂದರು. ನಿರ್ಧಾರ ಎರಡೂ ಮನೆಯದು ಆದಮೇಲೆ ಯಾವ ನೆಂಟರೂ ಅದನ್ನು ಎತ್ತಿ ಆಡಲಿಲ್ಲ.

ಶನಿವಾರ ರಾತ್ರಿ

ಆರತಕ್ಷತೆ ಶುರುವಾಗಿ ಒಂದು ಗಂಟೆಯೊಳಗೆ ಲೋಟಗಳು ಖಾಲಿಯಾದವು. ಲೋಟ ಬೇಕಾದಷ್ಟಿದ್ದವು. ಕೊಳೆ ಲೋಟ ಅಡುಗೆಮನೆ ಹಿಂದಿನ ನಲ್ಲಿಗೆ ಹೋಗಿ, ತೊಳೆದು, ವಾಪಸ್ ಊಟದ ಹಾಲಿಗೆ ಬರುವಷ್ಟರಲ್ಲಿ ಒಂದು ಪಂಕ್ತಿ ಮುಗಿಯುತ್ತಿತ್ತು. ಕೂಲಿಗೆ ಬಂದ ಇಬ್ಬರು ಹೆಂಗಸರು ಒಂದು ಕ್ಷಣ ನಿಲ್ಲದೆ ತೊಳೆಯುತ್ತಿದ್ದರು, ಹೊತ್ತು ತರುವವರು ಇರಲಿಲ್ಲ. ಕಂಟ್ರಾಕ್ಟರ್ ಮುನ್ನೆಚ್ಚರಿಕೆಗೆ ಅಂತ ವ್ಯಾನಿನಲ್ಲಿ ಇಟ್ಟುಕೊಂಡಿದ್ದ ಪೇಪರ್ ಕಪ್ಪಿನ ಪೆಟ್ಟಿಗೆ ಒಡೆದರು. ಜನ ನೀರು ಕೇಳುತ್ತಿರುವಾಗ ಅವರಾದರೂ ಏನು ಮಾಡಬೇಕಿತ್ತು?

ಎರಡನೇ ತೊಂದರೆ ಡಬ್ಬಿಗಳದು. 'ಹಸಿ', 'ಒಣ' ಅಂತ ದೊಡ್ಡದಾಗಿ ಬರೆದಿದ್ದರೂ ಓದಿದವರು ಕಮ್ಮಿ. ಐಸ್‌ಕ್ರೀಂ ತಿಂದವರು ಕಪ್ಪನ್ನು ಕೈಗೆ ಹತ್ತಿರ ಇದ್ದ ಡಬ್ಬಿಗೆ ಹಾಕಿ ಹೋದರು. ಬೀಡಾಕ್ಕೆ ಚುಚ್ಚಿದ ಪ್ಲಾಸ್ಟಿಕ್ ಕಡ್ಡಿಗಳು ಎಲೆಗಳ ಜೊತೆ ಸೇರಿದವು.

ರಾತ್ರಿ ಹತ್ತೂವರೆಗೆ, ಊರಾಚೆ ಹಸು ಸಾಕಿರುವ ಒಬ್ಬರು ಮೊದಲೇ ಮಾತಾಡಿದಂತೆ ಆಟೋ ತಂದರು. ಊಟದ ಎಲೆಗಳನ್ನು ಅವರು ಒಯ್ಯುವುದು ಅಂತಾಗಿತ್ತು. ಮೊದಲ ಡ್ರಮ್ಮಿಗೆ ಕೈ ಹಾಕಿ ನಾಲ್ಕು ಎಲೆ ಸರಿಸಿದರು. ಒಂದು ಐಸ್‌ಕ್ರೀಂ ಚಮಚ, ಒಂದು ಸಾಸ್ ಪ್ಯಾಕೆಟ್ಟಿನ ತುಂಡು ಸಿಕ್ಕಿತು. ಕೈ ಒರೆಸಿಕೊಂಡು ನಿಂತುಬಿಟ್ಟರು.

"ಇದು ಬೇಡ ಸ್ವಾಮಿ. ಹೋದ ವರ್ಷ ಒಂದು ಹಸು ಹಿಂಗೇ ಹೋಯ್ತು. ಹೊಟ್ಟೆ ಕೊಯ್ದಾಗ ಬರೀ ಕವರು."

ಹಸುವಿನ ಮೊದಲ ಹೊಟ್ಟೆಗೆ ಹೋದ ಪ್ಲಾಸ್ಟಿಕ್ ಕರಗಲ್ಲ, ಸಾಮಾನ್ಯವಾಗಿ ಮುಂದಕ್ಕೂ ಹೋಗಲ್ಲ. ಅಲ್ಲೇ ಸೇರಿ ಗಂಟು ಕಟ್ಟುತ್ತದೆ. ಅವರು ಇನ್ನೊಂದು ಮಾತೂ ಹೇಳಿದರು. "ನಾಳೆ ಕೊಡೋದಾದ್ರೆ ಎಲೆ ಮಾತ್ರ ಕೊಡಿ, ಅನ್ನ ಜಾಸ್ತಿ ಬೇಡ." ಬೇಯಿಸಿದ ಅನ್ನ ಒಮ್ಮೆಲೇ ಜಾಸ್ತಿ ತಿಂದರೆ ಹಸುವಿನ ಹೊಟ್ಟೆ ಹುಳಿಯೇರಿ ಪ್ರಾಣಕ್ಕೇ ಕುತ್ತು ಬರಬಹುದು. ಉಳಿದ ಊಟವನ್ನೆಲ್ಲ ಹಸುವಿಗೆ ಹಾಕಿದರೆ ಪುಣ್ಯ ಅಂದುಕೊಂಡವರು ಇದನ್ನು ತಿಳಿಯಲೇಬೇಕು.

ಖಾಲಿ ಆಟೋ ವಾಪಸ್ ಹೋಯಿತು. ಒಂದು ಚಮಚದ ಬೆಲೆ ಒಂದು ಡ್ರಮ್ಮು ಎಲೆ ಅನ್ನುವುದು ಆಗ ಅಲ್ಲಿದ್ದ ಎಲ್ಲರಿಗೂ ಕಣ್ಣಿಗೆ ಕಟ್ಟಿದಂತೆ ಗೊತ್ತಾಯಿತು. ಮೇಷ್ಟ್ರು, ಅವರ ಮಗ, ಕಂಟ್ರಾಕ್ಟರ್, ನಾವು ಅಡುಗೆಮನೆಯಲ್ಲೇ ಕೂತೆವು. ಇಡೀ ಪ್ರಕರಣ ತಿರುಗಿದ್ದು ಅಲ್ಲಿ.

ರಾತ್ರಿ ತೆಗೆದುಕೊಂಡ ತೀರ್ಮಾನಗಳು

ಮೊದಲನೆಯದು ಲೋಟ. ದಾರಿ ತೋರಿಸಿದ್ದು ಲೋಟ ತೊಳೆಯುತ್ತಿದ್ದ ಹೆಂಗಸರಲ್ಲಿ ದೊಡ್ಡವರು. "ನಮ್ಮುನ್ನ ಕೈ ತೊಳಿಯೋ ಜಾಗದ ಪಕ್ಕ ಕೂರ್ಸಿ ಅಣ್ಣ. ಉಂಡೋರು ಹೆಂಗೂ ಅಲ್ಲಿಗೇ ಬತ್ತಾರೆ, ಲೋಟ ಅವ್ರೇ ತಂದು ಹಾಕ್ತಾರೆ" ಅಂದರು. ಅಷ್ಟು ಜನ ತಲೆ ಕೆಡಿಸಿಕೊಂಡಿದ್ದಕ್ಕೆ ಎರಡು ಮಾತಿನಲ್ಲಿ ಉತ್ತರ ಸಿಕ್ಕಿತು. ಭಾನುವಾರ ಬೆಳಿಗ್ಗೆ ಕೈ ತೊಳೆಯುವ ಸಾಲಿನ ಪಕ್ಕ ಮೂರು ಟಬ್ಬು ಇಟ್ಟೆವು. ಒಂದರಲ್ಲಿ ಸೋಪಿನ ನೀರು, ಒಂದರಲ್ಲಿ ತಣ್ಣೀರು, ಕೊನೆಯದರಲ್ಲಿ ಹಂಡೆಯಿಂದ ತಂದ ಬಿಸಿನೀರು. ಬಿಸಿನೀರಿನಿಂದ ತೆಗೆದ ಲೋಟವನ್ನು ಒರೆಸುವ ಹಾಗೇ ಇಲ್ಲ, ಬುಟ್ಟಿಯಲ್ಲಿ ಬೋರಲು ಹಾಕಿದರೆ ಎರಡು ನಿಮಿಷದಲ್ಲಿ ತಾನಾಗಿ ಒಣಗುತ್ತದೆ. ಇನ್ನಿಬ್ಬರನ್ನು ಕರೆಸಿದರು, ಒಬ್ಬರು ಬುಟ್ಟಿ ಹೊರಲಿಕ್ಕೇ.

ಇದರಿಂದ ಇನ್ನೊಂದು ಅನುಕೂಲ ಆಯಿತು. ಸ್ಟೀಲ್ ಲೋಟದ ಬಗ್ಗೆ ಜನರಿಗೆ ಇರುವ ಅನುಮಾನ ಒಂದೇ, ಸರಿಯಾಗಿ ತೊಳೆದಿದ್ದಾರೋ ಇಲ್ಲವೋ ಅಂತ. ಕಣ್ಣೆದುರೇ ಹಬೆಯಾಡುವ ನೀರಲ್ಲಿ ಅದ್ದಿ ತೆಗೆಯುವುದನ್ನು ನೋಡಿದ ಮೇಲೆ ಯಾರೂ ಬಾಟಲಿ ಕೇಳಲಿಲ್ಲ.

ಎರಡನೆಯದು ಐಸ್‌ಕ್ರೀಂ. ಭಾನುವಾರಕ್ಕೂ ಆರ್ಡರ್ ಆಗಿತ್ತು. ಕಂಟ್ರಾಕ್ಟರ್ ಆ ರಾತ್ರಿಯೇ ಅಂಗಡಿಗೆ ಫೋನ್ ಮಾಡಿ, ಕಪ್ಪು ಬೇಡ, ದೊಡ್ಡ ಡಬ್ಬದಲ್ಲೇ ಕೊಡಿ ಅಂದರು. ಅದನ್ನು ಸಣ್ಣ ದೊನ್ನೆಗೆ ಹಾಕಿ, ಮೇಲೆ ಬಾಳೆಹಣ್ಣಿನ ರಸಾಯನ ಬಿಟ್ಟು ಕೊಡುವುದು ಅವರದೇ ಯೋಚನೆ. ಚಮಚ ಸ್ಟೀಲಿನದು, ಲೋಟದ ಜೊತೆಗೇ ಟಬ್ಬಿಗೆ. ಬೀಡಾಕ್ಕೆ ಕಡ್ಡಿ ಬದಲು ಲವಂಗ ಚುಚ್ಚಿ ಅಂತ ಹೇಳಿದೆವು. ಮೊದಲೆಲ್ಲ ಹಾಗೇ ಮಾಡುತ್ತಿದ್ದರು.

ಮೂರನೆಯದು ಡಬ್ಬಿ. ಬೋರ್ಡ್ ತೆಗೆದು ಆ ಜಾಗದಲ್ಲಿ ಹುಡುಗಿಯ ಚಿಕ್ಕಪ್ಪನ ಮಕ್ಕಳನ್ನು ಸರದಿಯ ಮೇಲೆ ನಿಲ್ಲಿಸಿದರು. ಹೈಸ್ಕೂಲು ಓದುವ ಮಕ್ಕಳು. "ಅಜ್ಜಿ, ಅದು ಈ ಕಡೆಗೆ" ಅಂತ ಮಗು ಹೇಳಿದರೆ ಕೇಳದವರು ಯಾರು?

ಭಾನುವಾರ

ಊಟ ಬಿಡುವ ವಿಷಯದಲ್ಲಿ ಒಂದು ಸಂಗತಿ ಶನಿವಾರವೇ ಗಮನಕ್ಕೆ ಬಂದಿತ್ತು. ಊಟಕ್ಕೆ ಕೂತವರ ಬೆನ್ನ ಹಿಂದೆ ಮುಂದಿನ ಪಂಕ್ತಿಯವರು ಕುರ್ಚಿ ಹಿಡಿದು ನಿಂತಿರುತ್ತಾರೆ. ಹಿಂದೆ ಒಬ್ಬರು ಕಾಯುತ್ತಿರುವಾಗ ನೆಮ್ಮದಿಯಾಗಿ ಮೊಸರನ್ನ ಮುಗಿಸಲು ಯಾರಿಗೆ ಆಗುತ್ತದೆ? ಎಲೆಯಲ್ಲಿ ಅರ್ಧ ಬಿಟ್ಟು ಎದ್ದುಬಿಡುತ್ತಾರೆ. ಬಡಿಸುವವರೂ ಅದೇ ಅವಸರದಲ್ಲಿ ಕೇಳದೆ ಎರಡೆರಡು ಹೋಳಿಗೆ ಹಾಕಿ ಓಡುತ್ತಾರೆ. 'ಅನ್ನ ಚೆಲ್ಲಬೇಡಿ' ಅಂತ ಗೋಡೆಗೆ ಅಂಟಿಸಿದ ಕಾಗದ ಇಲ್ಲಿ ಏನೂ ಮಾಡಲ್ಲ.

ಭಾನುವಾರ ಊಟದ ಹಾಲಿನ ಬಾಗಿಲನ್ನು ಒಬ್ಬರು ಹಿರಿಯರು ನೋಡಿಕೊಂಡರು. ಒಂದು ಪಂಕ್ತಿ ಪೂರ್ತಿ ಎದ್ದು, ಟೇಬಲ್ ಒರೆಸಿ, ಎಲೆ ಹಾಕಿದ ಮೇಲೆಯೇ ಮುಂದಿನವರನ್ನು ಒಳಗೆ ಬಿಟ್ಟರು. ಹೊರಗೆ ಕುರ್ಚಿ ಹಾಕಿ ಪಾನಕ ಕೊಟ್ಟರು. ಹೋಳಿಗೆಯನ್ನು ಒಂದೊಂದೇ ಹಾಕಿ, ಎರಡನೇ ಸಲ ಕೇಳಿಕೊಂಡು ಬಂದರು. ಎಲೆಗಳಲ್ಲಿ ಉಳಿದ ಅನ್ನ ಹಿಂದಿನ ರಾತ್ರಿಗಿಂತ ಎಷ್ಟೋ ಕಮ್ಮಿ ಅಂತ ಎಲೆ ಎತ್ತುವ ಹುಡುಗರೇ ಹೇಳಿದರು. ಅವರಿಗೆ ಅದು ಬಕೆಟ್ಟಿನ ಭಾರದಲ್ಲೇ ಗೊತ್ತಾಗುತ್ತದೆ. ಪಾತ್ರೆಯಲ್ಲೇ ಉಳಿದ ಅನ್ನ, ಸಾಂಬಾರು, ಪಲ್ಯ ಬಿಸಿ ಇರುವಾಗಲೇ ಹತ್ತಿರದ ಒಂದು ವಿದ್ಯಾರ್ಥಿ ಹಾಸ್ಟೆಲ್‌ಗೆ ಹೋಯಿತು. ಅಲ್ಲಿಯ ಅಡುಗೆಯವರಿಗೆ ಬೆಳಿಗ್ಗೆಯೇ ಹೇಳಿಟ್ಟಿದ್ದರಿಂದ ಅವರು ರಾತ್ರಿಯ ಅಡುಗೆ ಕಮ್ಮಿ ಮಾಡಿಕೊಂಡರು. ಹಾಗೆ ಮೊದಲೇ ಹೇಳದಿದ್ದರೆ ಅಲ್ಲೂ ಅದು ದಂಡವೇ.

ಮಧ್ಯಾಹ್ನ ಹಸು ಸಾಕಿದವರು ಮತ್ತೆ ಬಂದರು. ಡ್ರಮ್ಮುಗಳನ್ನು ಬಗ್ಗಿ ನೋಡಿ, ಎರಡು ಟ್ರಿಪ್ ಎಲೆ ಒಯ್ದರು. ಎಲೆಯಿಂದ ಬೇರೆ ತೆಗೆದ ಅನ್ನ, ಸಾರು, ತರಕಾರಿ ಸಿಪ್ಪೆ ಮೇಷ್ಟ್ರ ತೆಂಗಿನ ತೋಟದ ಗುಂಡಿಗೆ ಹೋಯಿತು. ಶನಿವಾರದ್ದನ್ನು ಮಾತ್ರ ಆರಿಸಿ ಆರಿಸಿ ಹಾಕಬೇಕಾಯಿತು, ಮೂರು ಜನಕ್ಕೆ ಒಂದು ಬೆಳಗಿನ ಕೆಲಸ. ಗುಂಡಿಗೆ ಅನ್ನ ಹಾಗೇ ಸುರಿದರೆ ನಾರುತ್ತದೆ. ಒಂದು ಪದರ ಒಣ ತರಗು, ತೆಂಗಿನ ನಾರು, ಮೇಲೊಂದು ತೆಳು ಪದರ ಅನ್ನ, ಮತ್ತೆ ತರಗು, ಸಗಣಿ ನೀರು, ಕೊನೆಗೆ ಒಂದು ಗೇಣು ಮಣ್ಣು. ಹೀಗೆ ಮುಚ್ಚಿದರೆ ನೊಣವೂ ಬರಲ್ಲ.

ಕೊನೆಯಲ್ಲಿ ಉಳಿದದ್ದು ಇಷ್ಟು. ಗುಜರಿಗೆ ಹೋದ ಎಣ್ಣೆ ಡಬ್ಬ, ರಟ್ಟು, ಹಾಲಿನ ಕವರಿನ ಮೂರು ಮೂಟೆ. ಪುರಸಭೆ ಗಾಡಿಗೆ ಹಾಕಿದ ನಿಜವಾದ ಕಸ ಎರಡು ಮೂಟೆ, ಅದರಲ್ಲಿ ಒಂದು ಪೂರ್ತಿ ಶನಿವಾರದ ಪೇಪರ್ ಕಪ್ಪು, ಐಸ್‌ಕ್ರೀಂ ಕಪ್ಪು. ಟ್ರ್ಯಾಕ್ಟರ್ ಕರೆಸಲಿಲ್ಲ.

ಖರ್ಚಿನ ಲೆಕ್ಕವನ್ನೂ ಮೇಷ್ಟ್ರು ಇಟ್ಟಿದ್ದರು. ಬಾಟಲಿ ತರಿಸಿದ್ದರೆ ಎರಡು ದಿನಕ್ಕೆ ಸುಮಾರು 12,000 ರೂಪಾಯಿ ಆಗುತ್ತಿತ್ತು. ನೀರಿನ ಕ್ಯಾನು, ಲೋಟ ತೊಳೆದವರ ಕೂಲಿ, ಟಬ್ಬಿನ ಬಾಡಿಗೆ ಸೇರಿ 9,000ದ ಒಳಗೆ ಮುಗಿಯಿತು. ಆ ಹಣದ ಮುಕ್ಕಾಲು ಪಾಲು ಊರಿನ ಹೆಂಗಸರ ಕೈಗೇ ಹೋಯಿತು ಅನ್ನುವುದು ನನಗೆ ಉಳಿತಾಯಕ್ಕಿಂತ ದೊಡ್ಡ ವಿಷಯ.

ಆಗದೇ ಉಳಿದದ್ದು

ತಾಂಬೂಲಕ್ಕೆ ಬಟ್ಟೆ ಚೀಲ ಅಂತ ಫೋನಿನಲ್ಲಿ ಆರ್ಡರ್ ಕೊಟ್ಟಿದ್ದರು. ಬಂದದ್ದು ಬಟ್ಟೆಯ ಹಾಗೇ ಕಾಣುವ ನಾನ್ ವೋವೆನ್ ಚೀಲ. ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಒಂದು ಮೂಲೆ ಕತ್ತರಿಸಿ ಬೆಂಕಿ ಕಡ್ಡಿ ಹಿಡಿದು ನೋಡಿದೆವು. ಹತ್ತಿ ಬಟ್ಟೆ ಉರಿದು ಬೂದಿಯಾಗುತ್ತದೆ. ಇದು ಮುದುಡಿ, ಕರಗಿ, ಗಟ್ಟಿ ಮಣಿಯ ಥರ ಆಯಿತು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಹೊಸಾ ಚೀಲಗಳನ್ನು ಹಾಗೇ ಎಸೆಯುವುದು ಇನ್ನೂ ತಪ್ಪು. ಅದಕ್ಕೆ ಅದರಲ್ಲೇ ತೆಂಗಿನಕಾಯಿ ಹಾಕಿ ಕೊಟ್ಟರು. ಸ್ಯಾಂಪಲ್ ಕೈಯಲ್ಲಿ ಹಿಡಿದು ನೋಡದೆ ಚೀಲಕ್ಕೆ ಮುಂಗಡ ಕೊಡಬಾರದು.

ನಾವು ಬೇಡ ಅಂದಿದ್ದರೂ ಮಂಟಪ ಅಲಂಕಾರ ಮಾಡುವವರು ಥರ್ಮೋಕೋಲಿನಲ್ಲಿ ಕೊರೆದ ಹೆಸರುಗಳನ್ನು ತಂದು ನಿಲ್ಲಿಸಿದರು. ಬಾಯಿಮಾತಲ್ಲಿ ಹೇಳಿದ್ದು, ಬರೆದು ಕೊಟ್ಟಿರಲಿಲ್ಲ. ಚೆಂಡು ಹೂವಿನ ಹಾರಗಳಲ್ಲಿ ಅರ್ಧ ಬಾಳೆ ನಾರಿನವು, ಅರ್ಧ ಪ್ಲಾಸ್ಟಿಕ್ ದಾರದವು. ದಾರದವನ್ನು ಬಿಡಿಸದೆ ಗುಂಡಿಗೆ ಹಾಕುವ ಹಾಗಿರಲಿಲ್ಲ.

ಈಗ ಯಾರಾದರೂ ಕೇಳಿದರೆ ನಾವು ಮೊದಲು ಹೇಳುವುದು, ಅಡುಗೆಯವರ ಜೊತೆ, ಮಂಟಪದವರ ಜೊತೆ, ಹೂವಿನವರ ಜೊತೆ ಮುಂಗಡ ಕೊಡುವ ದಿನವೇ ಏನು ತರಬಾರದು ಅಂತ ಬರೆಸಿಕೊಳ್ಳಿ. ಕಂಟ್ರಾಕ್ಟರ್ ವ್ಯಾನಿನಲ್ಲಿ ಪೇಪರ್ ಕಪ್ಪು ಇದ್ದರೆ ಅದು ಹೊರಗೆ ಬಂದೇ ಬರುತ್ತದೆ. ಅದರ ಬದಲು ಹೆಚ್ಚುವರಿ ಲೋಟ ಇರಲಿ. ತೊಳೆಯುವವರ ಕೂಲಿಯನ್ನು ಊಟದ ಖರ್ಚಿನಲ್ಲೇ ಸೇರಿಸಿ, ಅವರಿಗೂ ಮೊದಲ ಪಂಕ್ತಿ ಮುಗಿದ ಕೂಡಲೇ ಊಟ ಹಾಕಿಸಿ. ಎಲೆ ಯಾರಿಗೆ, ಅನ್ನ ಯಾವ ಗುಂಡಿಗೆ ಅನ್ನುವುದು ಮದುವೆಗೆ ಒಂದು ವಾರ ಮೊದಲೇ ತೀರ್ಮಾನ ಆಗಿರಲಿ. ಇದು ಮದುವೆಗೇ ಆಗಬೇಕು ಅಂತಿಲ್ಲ. ಮನೆಯಲ್ಲಿ ಐವತ್ತು ಜನ ಸೇರುವ ಸತ್ಯನಾರಾಯಣ ಪೂಜೆಗೆ ಇನ್ನೂ ಸುಲಭ. ಅಲ್ಲಿ ನಮ್ಮ ಮನೆಯ ಲೋಟ, ಅಕ್ಕಪಕ್ಕದವರ ಲೋಟ ಸಾಕು.

ಬೆಳಗಿನ ಕಾಫಿ ಮಾತ್ರ ಇನ್ನೂ ಬಗೆಹರಿದಿಲ್ಲ. ದೂರದಿಂದ ಬಂದವರು ಐದು ಗಂಟೆಗೆಲ್ಲ ಎದ್ದು ರೂಮುಗಳಿಗೇ ಕಾಫಿ ಕೇಳುತ್ತಾರೆ. ಆ ಹೊತ್ತಿಗೆ ತೊಳೆಯುವವರು ಬಂದಿರಲ್ಲ, ಲೋಟಗಳು ರೂಮುಗಳಲ್ಲೇ ಉಳಿದುಬಿಡುತ್ತವೆ. ಮೇಷ್ಟ್ರ ಮನೆಯ ಮದುವೆಯಲ್ಲಿ ಎರಡೂ ದಿನ ಇದು ಪೇಪರ್ ಕಪ್ಪಿನಲ್ಲೇ ನಡೆಯಿತು. ಮುಂದಿನ ತಿಂಗಳು ಅದೇ ಕಂಟ್ರಾಕ್ಟರ್ ಒಪ್ಪಿಕೊಂಡಿರುವ ಇನ್ನೊಂದು ಮದುವೆ ಇದೆ. ರೂಮಿಗೆ ಒಂದು ತಟ್ಟೆಯ ಹಾಗೆ ಎಣಿಸಿ ಲೋಟ ಕೊಟ್ಟು, ತಿಂಡಿಗೆ ಬರುವಾಗ ಅದನ್ನು ವಾಪಸ್ ತರಲು ಹೇಳಿ ನೋಡೋಣ ಅಂತ ಅವರೇ ಅಂದಿದ್ದಾರೆ.